ವಠಾರ ಹೋಮ್‌ಸ್ಟೇ ಆದರೆ ಅದು ಯಾರ ಅಭಿವೃದ್ಧಿ?

ಚಿಕ್ಕಮಗಳೂರಿನ ಹಳೆಯ ವಠಾರವೊಂದು ಹೋಮ್‌ಸ್ಟೇ ಆಗಿ ಬದಲಾದ ವಿಡಿಯೊವನ್ನು ಭಾವ ನಮ್ಮ ಕುಟುಂಬದ ಗುಂಪಿಗೆ ಹಾಕಿದ್ದರು.

ಭಾವ: ಸೋರುತ್ತಿದ್ದ ಹಂಚಿನ ಮನೆಗಳು ಹೇಗಾಗಿವೆ ನೋಡಿ. ಅಭಿವೃದ್ಧಿಯೆಂದರೆ ಇದು. ಇದಕ್ಕೂ ತಕರಾರು ತೆಗೆಯುವವರಿಗೆ ಊರು ಹಾಳು ಬಿದ್ದಿರಬೇಕೇನೋ.

ನಾನು: ಹಂಚು ಬದಲಾಯಿಸಿದ್ದಕ್ಕೆ ನನ್ನ ತಕರಾರಿಲ್ಲ ಭಾವ, ಅದರಡಿ ಇದ್ದವರು ಈಗೆಲ್ಲಿದ್ದಾರೆ ಎಂಬುದಷ್ಟೇ ಪ್ರಶ್ನೆ. 2013ರಲ್ಲಿ ಕಡೂರಿನಿಂದ ರೈಲು ಬಂದಾಗ ವಠಾರದ ಬಾಡಿಗೆದಾರನೂ ಹತ್ತಿದ, ತೋಟದ ಸಾಹುಕಾರರೂ ಹತ್ತಿದರು. ಅದನ್ನು ಅಭಿವೃದ್ಧಿ ಎನ್ನಲು ಅಡ್ಡಿಯಿಲ್ಲ. ವಿಡಿಯೊದಲ್ಲಿರುವುದು ಬೇರೆ. ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಲಂಡನ್ನಿನ ಬಗ್ಗೆ ಬರೆಯುತ್ತ ಇಂಥದ್ದನ್ನೇ ಜೆಂಟ್ರಿಫಿಕೇಶನ್ ಎಂದು ಕರೆದರು: ಕಾರ್ಮಿಕರಿದ್ದ ಪುಟ್ಟ ಮನೆಗಳನ್ನು, ಗುತ್ತಿಗೆಯ ಅವಧಿ ಮುಗಿದೊಡನೆ, ಉಳ್ಳವರು ಹಿಡಿದು ದುಬಾರಿ ನಿವಾಸಗಳನ್ನಾಗಿ ಮಾಡಿಕೊಳ್ಳುತ್ತ ಹೋದಂತೆ ಇಡೀ ಬಡಾವಣೆಯ ಜನರೇ ಬೇರೆಯಾದರು. ನಾವಂತೂ ನೋಂದಣಿಯ ಗೋಜು ಬೇಡವೆಂದು ಕರಾರನ್ನು 11 ತಿಂಗಳಿಗೇ ನಿಲ್ಲಿಸುವವರು. ಮುಳ್ಳಯ್ಯನಗಿರಿ ನೋಡಲು ಬಂದವರು ಎರಡು ರಾತ್ರಿಗೆ ಕೊಡುವ ಹಣ ತಿಂಗಳ ಬಾಡಿಗೆಯನ್ನು ಮೀರಿದರೆ, ಯಾವ ಮಾಲೀಕರು ಆ ಕರಾರನ್ನು ಮುಂದುವರಿಸುತ್ತಾರೆ?

ಭಾವ: ಸ್ವಂತ ಸ್ವತ್ತನ್ನು ಬೇಕಾದಂತೆ ಮಾಡಿಕೊಳ್ಳಬಾರದೇ? ಕಾಫಿ ಬೆಲೆ ಕುಸಿದಿದ್ದಾಗ ಎಷ್ಟೋ ಸಣ್ಣ ಬೆಳೆಗಾರರ ಕೈ ಹಿಡಿದದ್ದು ಹೋಮ್‌ಸ್ಟೇ. ಊರಿನವರಿಗೂ ಅಲ್ಲಿ ಕೆಲಸ ಸಿಕ್ಕಿದೆ.

ನಾನು: ತೋಟದ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟ ಬೆಳೆಗಾರ ಯಾರನ್ನೂ ಎಬ್ಬಿಸಿಲ್ಲ, ಆದ್ದರಿಂದ ಆ ಮಾತನ್ನು ಒಪ್ಪುತ್ತೇನೆ. ವಠಾರದ ಲೆಕ್ಕ ಹಾಗಲ್ಲ. ಮಾರಿದವರಿಗೆ ಬೆಲೆ ಸಿಕ್ಕಿತು, ಕೊಂಡವರಿಗೆ ವ್ಯಾಪಾರ ಸಿಕ್ಕಿತು. ಬಾಡಿಗೆದಾರರಿಗೆ ಇಂಥಲ್ಲಿ ಸಿಗುವುದು ಮುಂಗಡ ವಾಪಸು, ಅದೂ ಸುಣ್ಣಬಣ್ಣದ ಖರ್ಚು ಮುರಿದುಕೊಂಡು. ಊರಾಚೆ ಮನೆ ಮಾಡಿದವರು ಬೆಳಗಾಗೆದ್ದು ಅದೇ ಅಂಗಳಕ್ಕೆ ಪಾತ್ರೆ ತೊಳೆಯಲು ಬರಬೇಕಾದರೆ, ಕೆಲಸ ಸಿಕ್ಕಿತೆನ್ನುವಾಗ ಬಸ್ ಚಾರ್ಜನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದೊಡ್ಡಮ್ಮ: ಲಂಡನ್ನಿನ ವಿಚಾರ ಆಮೇಲೆ ನೋಡೋಣ. ನಮ್ಮ ಹಿತ್ತಲ ಮನೆಯವರ ಕರಾರು ಬರುವ ತಿಂಗಳು ಮುಗಿಯುತ್ತದೆ, ಬ್ರೋಕರ್ ಆಗಲೇ ಬಂದು ನೋಡಿಕೊಂಡು ಹೋಗಿದ್ದಾನೆ. ಆ ಮನೆಯ ಮಕ್ಕಳಿಗೆ ಶಾಲೆ ಇಲ್ಲೇ ಹತ್ತಿರ. ಈ ಸಲ ನೋಂದಣಿ ಮಾಡಿಸಿ, ಬಾಡಿಗೆ ಏರಿಸದೆ, ಮೂರು ವರ್ಷಕ್ಕೆ ಬರೆದುಕೊಡಬೇಕೆಂದಿದ್ದೇನೆ. ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ಹೇಳಿ.

ಭಾವ: ಬರೆದುಕೊಡಿ ಅತ್ತೆ, ಅದಕ್ಕೆ ನಾನು ಬೇಡವೆನ್ನುವುದಿಲ್ಲ. ಆದರೆ ಏರಿಸದೆ ಎಂಬುದು ಹೆಚ್ಚಾಯಿತು. ವರ್ಷಕ್ಕೆ ಶೇಕಡಾ 5ರಷ್ಟಾದರೂ ಇರಲಿ.