ವಿ-ಕ್ರಾಸ್‌ಗೆ 4 ಇಂಚು ಲಿಫ್ಟ್ ಹಾಕ್ಸೋದಾ ಬೇಡ್ವಾ? ಕೊಡಗಿನ ಕಕ್ಕಬೆ ಕಡೆ ತೋಟದ ರಸ್ತೆ, ಗೊತ್ತಿದ್ದೋರು ಹೇಳಿ

ಕಣದ_ಹುಡುಗ

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡು ಹೋಗ್ತಿದ್ದೆ, ಈಗ ಕೇಳ್ಲೇಬೇಕಾದ ಪರಿಸ್ಥಿತಿ ಬಂದಿದೆ. ನನ್ನತ್ರ 2017ರ ಇಸುಝು ವಿ-ಕ್ರಾಸ್ ಪಿಕಪ್ ಇದೆ, 2.5 ಲೀಟರ್, ಮ್ಯಾನ್ಯುಯಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಟಾರ್ ರೋಡಿಂದ ಮನೆಗೆ ಒಂದೂಮುಕ್ಕಾಲು ಕಿಲೋಮೀಟರ್ ಮಣ್ಣು ರಸ್ತೆ, ತಾತ ವಿಲ್ಲೀಸ್ ಜೀಪಿಗೆ ಅಂತ ಬರೆ (ಗುಡ್ಡದ ಇಳಿಜಾರು) ಕಡಿಸಿ ಮಾಡಿದ್ದು, ಎರಡು ಹೇರ್‌ಪಿನ್ನು, ಮಧ್ಯ ಒಂದು ಮೋರಿ. ಬೇಸಿಗೇಲಿ ರೋಬಸ್ಟಾ ಮೂಟೆ ತುಂಬ್ಕೊಂಡು ಆರಾಮಾಗಿ ಓಡಾಡ್ತೀನಿ, ಆದ್ರೆ ಕಕ್ಕಡ (ಜುಲೈ-ಆಗಸ್ಟಿನ ಜೋರು ಮಳೆ ತಿಂಗಳು) ಬಂತು ಅಂದ್ರೆ ಖಾಲಿ ಗಾಡಿ ಎರಡನೇ ತಿರುವಲ್ಲಿ ಹಿಂದ್ಗಡೆಯಿಂದ ಜಾರಿ ನೇರ ಕಾಫಿ ಗಿಡಕ್ಕೆ ಮುಖ ಮಾಡುತ್ತೆ, ಹೋದ ವರ್ಷ ಮೂರು ಸಲ ಪಕ್ಕದ ತೋಟದವ್ರ ಟ್ರ್ಯಾಕ್ಟರ್ ಕರೆಸಿ ಎಳೆಸಿದೀನಿ, ಮೂರನೇ ಸಲ ಅವ್ರ ಮುಖ ನೋಡೋಕಾಗ್ಲಿಲ್ಲ.

ಯೂಟ್ಯೂಬಲ್ಲಿ ಅಮೆರಿಕದವ್ರ ಎಫ್-150 ಪಿಕಪ್ ಎಲ್ಲಾ ನೋಡಿ ನೋಡಿ ತಲೆಗೆ ಹೊಕ್ಕಿರೋದು ಇಷ್ಟು: 4 ಇಂಚು ಲಿಫ್ಟ್ (ಸಸ್ಪೆನ್ಷನ್ ಎತ್ತರ ಮಾಡ್ಸೋದು), 33 ಇಂಚಿನ ಮಡ್ ಟೈರು, ಮುಂದೆ ಸ್ಟೀಲ್ ಬಂಪರು, ವಿಂಚು (ಹಗ್ಗ ಸುತ್ತಿ ಗಾಡಿ ಎಳೆಯೋದು), ಸ್ನಾರ್ಕೆಲ್ (ಇಂಜಿನ್ ಗಾಳಿ ಎಳೆಯೋ ಪೈಪನ್ನ ಮೇಲಕ್ಕೆ ಒಯ್ಯೋದು). ಒಂದೇ ಸಲ ಎಲ್ಲಾ ಮಾಡಿಸ್ಲಾ, ಒಂದೊಂದಾಗಿ ಮಾಡಿಸ್ಲಾ? ಮೊದ್ಲು ಯಾವುದು?

ಸ್ಪ್ಯಾನರ್_ಕುಶಾಲನಗರ

ಅಣ್ಣ ಮೊದ್ಲು ಆ ವಿಡಿಯೋ ಆಫ್ ಮಾಡಿ 😄 ಆ ಗಾಡಿ ಕನ್ನಡಿ ಬಿಟ್ಟೇ ಎರಡು ಮೀಟರ್ ಅಗಲ, ಅದು ಓಡೋ ಮರುಭೂಮಿಯಲ್ಲಿ ನಮ್ ತೋಟ ಇಲ್ಲ.

ಲಿಫ್ಟ್ ಬಗ್ಗೆ. ನಿಮ್ ಗಾಡಿ ಹಿಂದೆ ಲೀಫ್ ಸ್ಪ್ರಿಂಗು, ಮುಂದೆ ಎರಡು ತೋಳಿನ ಸಸ್ಪೆನ್ಷನ್ನು, ಅಂದ್ರೆ ಡಬಲ್ ವಿಶ್‌ಬೋನು. ಮುಂದೆ ಎತ್ತಿದಷ್ಟೂ ಡ್ರೈವ್ ಶಾಫ್ಟು ಓರೆ ಆಗುತ್ತೆ, ಅದ್ರ ತುದಿಯ ಸಿವಿ ಜಾಯಿಂಟಿನ (ಬಾಗೋ ಕೀಲು) ರಬ್ಬರ್ ಬೂಟ್ ಹರಿಯುತ್ತೆ, ಅಲೈನ್‌ಮೆಂಟ್ ಕೂರಲ್ಲ. 2 ಇಂಚಿನೊಳಗೆ ಒಳ್ಳೆ ಸ್ಪ್ರಿಂಗು ಶಾಕು ಹಾಕಿದ್ರೆ ಬದುಕುತ್ತೆ, 4 ಇಂಚು ಅಂದ್ರೆ ಮುಂದಿನ ಅರ್ಧ ಗಾಡಿನೇ ಬದಲಾಯಿಸ್ಬೇಕು. ನನ್ ಹತ್ರ ಬಂದಿದ್ದ ಒಂದು ಗಾಡಿಗೆ ಬೆಂಗಳೂರಲ್ಲಿ ಯಾರೋ ಬರೀ ಸ್ಪೇಸರ್ (ಎತ್ತರಕ್ಕೆ ಇಡೋ ತುಂಡು) ತುರುಕಿ 3 ಇಂಚು ಎತ್ತಿದ್ರು, ಎಂಟು ತಿಂಗಳಿಗೆ ಎರಡೂ ಕಡೆ ಬೂಟ್ ಹರಿದು ಗ್ರೀಸೆಲ್ಲಾ ಆಚೆ, 60 ದಾಟಿದ್ರೆ ಪ್ರೊಪೆಲ್ಲರ್ ಶಾಫ್ಟು ಗಡಗಡ. ಓನರ್ ನನ್ನೇ ಬೈತಿದ್ದ, ನಾನೇನೋ ಮಾಡಿದ ಥರ.

ಇನ್ನೊಂದು ಯಾರೂ ಹೇಳಲ್ಲ. ಲಿಫ್ಟ್ ಮಾಡಿದ್ರೆ ಬಾಡಿ ಮೇಲೆ ಹೋಗುತ್ತೆ, ಹಿಂದಿನ ಡಿಫರೆನ್ಷಿಯಲ್ ಗುಂಡು (ಆಕ್ಸಲ್ ಮಧ್ಯದ ಗೇರ್ ಡಬ್ಬ) ಇದ್ದಲ್ಲೇ ಇರುತ್ತೆ. ಅದನ್ನ ಎತ್ತೋದು ಟೈರ್ ಮಾತ್ರ, ಅದೂ ಅರ್ಧಕ್ಕರ್ಧ. ನಿಮ್ದು 245/70 ಆರ್16, ಅಂದ್ರೆ ಹತ್ರಹತ್ರ 749 ಮಿಮೀ ಎತ್ತರ. 265/70 ಹಾಕಿದ್ರೆ 777. ಹೆಚ್ಚಾಗಿದ್ದು 28, ಗುಂಡಿನ ಕೆಳಗೆ ಸಿಕ್ಕಿದ್ದು 14 ಮಿಮೀ. 33 ಇಂಚಿಂದು ಫೆಂಡರ್ ಒಳಗೆ ಕತ್ತರಿಸದೇ ತಿರುಗೋದೇ ಇಲ್ಲ, ಮೇಲಾಗಿ ಗೇರಿಂಗು ಶೇಕಡ 12ರಷ್ಟು ಉದ್ದ ಆಗುತ್ತೆ. ಅಂದ್ರೆ ಇಳಿಜಾರಲ್ಲಿ 4ಎಲ್ (ನಾಲ್ಕೂ ಗಾಲಿಗೆ ನಿಧಾನದ ಗೇರು) ಹಾಕಿ ಫಸ್ಟ್ ಗೇರಲ್ಲಿ ಬಿಟ್ಟಾಗ ಇಂಜಿನ್ ಹಿಡಿತ ಅಷ್ಟು ಕಮ್ಮಿ, ನಿಮ್ಗೆ ಬೇಕಾಗಿರೋದೇ ಅದು.

ದುಡ್ಡು ಇದ್ರೆ ಮೊದ್ಲು ಟೈರು. ಕಂಪನಿ ಕೊಟ್ಟಿರೋ ಟೈರಲ್ಲಿ ನಮ್ ಕೆಂಪು ಜೇಡಿ ತುಂಬ್ಕೊಂಡ್ರೆ ಮುಗೀತು, ಬೋಂಡಾ ಥರ ನುಣ್ಣಗೆ. ವಾರಕ್ಕೆರಡು ಸಲ ಮೈಸೂರು ಓಡಾಟ ಇದ್ರೆ ಎ.ಟಿ. (ಆಲ್ ಟೆರೇನ್, ಎಲ್ಲಾ ರಸ್ತೆಗೂ ಆಗೋದು), ಬರೀ ತೋಟ-ಸಂತೆ ಅಂದ್ರೆ ಎಂ.ಟಿ. (ಮಡ್ ಟೆರೇನ್, ಕೆಸರಿಗೆ ಅಂತಲೇ ಇರೋದು), ಅದ್ರ ಅಗಲ ಸಂದಿಯಿಂದ ಮಣ್ಣು ತಾನೇ ಎಸೆಯುತ್ತೆ, ಟಾರಲ್ಲಿ ಮಾತ್ರ ಗೊಂಯ್ ಅಂತ ಅರಚುತ್ತೆ ಮತ್ತೆ ಮಳೇಲಿ ಬ್ರೇಕ್ ಸ್ವಲ್ಪ ಮೋಸ.

ಮೋರಿಪಕ್ಕ

ಸ್ಟೀಲ್ ಬಂಪರ್ ಬಗ್ಗೆ ಒಂದು ಮಾತು. ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕ್ಬಾರ್ದು ಅಂತ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಲ್ಲೇ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಶನ್ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ಓನರ್ ಮೇಲೆ ಒಂದೊಂದು ಬದಲಾವಣೆಗೆ 5000 ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತಲೂ ಇದೆ. ತೋಟದೊಳಗೆ ಯಾರೂ ಕೇಳಲ್ಲ ಅನ್ಕೋಬೇಡಿ, ನಾಳೆ ಘಾಟಲ್ಲಿ ಯಾರಿಗಾದ್ರೂ ತಾಗಿದ್ರೆ ಇನ್ಶೂರೆನ್ಸ್‌ನವ್ರು ಮೊದ್ಲು ನೋಡೋದೇ ಅದು.

ಬಾಣೆಮನೆ_ಅಜ್ಜ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ನಂದು ಸೋಮವಾರಪೇಟೆ ಕಡೆ ತೋಟ, ನಲವತ್ತು ವರ್ಷ ಜೀಪ್ ಓಡ್ಸಿದೀನಿ, ಮಗ ಈಗ ಹೈಲಕ್ಸ್ ತಂದಿದಾನೆ.

ನಿನ್ನ ತಾತನ ಜೀಪಿಗೆ ವೀಲ್‌ಬೇಸು (ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಇರೋ ದೂರ) 80 ಇಂಚು, ಎರಡು ಮೀಟರ್ ಅಷ್ಟೇ. ನಿನ್ನ ಗಾಡಿಗೆ ಮೂರು ಮೀಟರ್ ಮೇಲೆ. ಅದೇ ಹೇರ್‌ಪಿನ್ನಲ್ಲಿ ಜೀಪು ಒಂದೇ ಸಲಕ್ಕೆ ತಿರುಗ್ತಿತ್ತು, ನೀನು ಹಿಂದೆ ಮುಂದೆ ಮಾಡ್ತೀಯ, ಆ ಹಿಂದೆ ಮುಂದೆಯಲ್ಲೇ ಜಾರೋದು. ಎತ್ತರ ಮಾಡಿದ್ರೆ ಉದ್ದ ಕಮ್ಮಿ ಆಗುತ್ತಾ ಹೇಳು. ಮಾಂದಲಪಟ್ಟಿ ಗುಡ್ಡಕ್ಕೆ ದಿನಾ ಹತ್ತೋ ಜೀಪ್ ನೋಡು, ಲಿಫ್ಟೂ ಇಲ್ಲ ಲೈಟೂ ಇಲ್ಲ, ಹುಡುಗ್ರಿಗೆ ಯಾವ ಕಲ್ಲಿಗೆ ಯಾವ ಗಾಲಿ ಅಂತ ಗೊತ್ತು ಅಷ್ಟೇ.

ನಾನಾಗಿದ್ರೆ ಲಿಫ್ಟಿನ ದುಡ್ಡನ್ನ ರಸ್ತೆಗೆ ಹಾಕ್ತೀನಿ. ನೀರು ರಸ್ತೆ ಮೇಲೆ ಹರಿದ್ರೆ ಯಾವ ಟೈರೂ ನಿಲ್ಲಲ್ಲ. ಮೇಲಿನ ಕಡೆ ಚರಂಡಿ ಎಳೆಸು, ಇಳಿಜಾರಲ್ಲಿ ಓರೆಯಾಗಿ ಅಡ್ಡ ಚರಂಡಿ ಕೊಟ್ಟು ನೀರನ್ನ ಪಕ್ಕಕ್ಕೆ ಇಳಿಸು, ಎರಡು ತಿರುವಲ್ಲಿ ಮಾತ್ರ ಗಾಲಿ ಹೋಗೋ ಜಾಗಕ್ಕೆ ಕಲ್ಲು ಕೂರಿಸಿ ಎರಡು ಪಟ್ಟಿ ಕಾಂಕ್ರೀಟ್ ಹಾಕ್ಸು. ಕುಯ್ಲು ಮುಗಿದು ಆಳು ಸಿಗೋ ಹೊತ್ತಲ್ಲಿ ಮಾಡು, ಜೂನ್ ಬಂದ್ಮೇಲೆ ಆಗಲ್ಲ. ಇನ್ನೊಂದು, ಹೊರಗಿನ ಅಂಚಿಗೆ ಗಾಲಿ ಹಾಕ್ಬೇಡ. 2018ರ ಆಗಸ್ಟಲ್ಲಿ ಕೊಡಗಿನ ಗುಡ್ಡ ಕುಸಿದಿದ್ದು ನೋಡಿದ್ಮೇಲೆ ನಾನಂತೂ ನೆಂದ ಬರೆಯನ್ನ ನಂಬಲ್ಲ, ನಿನ್ನದು ಎರಡು ಟನ್ ಹತ್ರ ಇರೋ ಗಾಡಿ.

ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಸ್ಪ್ರಿಂಗು ಲೋಡಿಗೆ ಅಂತ ಗಟ್ಟಿ. ಮಳೆಗಾಲದಲ್ಲಿ ನಾಲ್ಕು ಮೂಟೆ ಮರಳು ಹಿಂದಿನ ಆಕ್ಸಲ್ ಮೇಲೆ ಬರೋ ಹಾಗೆ ಕಟ್ಟಿ ಹಾಕು. ಇದಕ್ಕೆ ಖರ್ಚೇನು?

ಕಣದ_ಹುಡುಗ

ಅಜ್ಜ, ಮರಳಿನ ಮೂಟೆ ಓದಿ ನಾಚಿಕೆ ಆಯ್ತು, ನಿಜವಾಗ್ಲೂ ಲೋಡ್ ಇದ್ದಾಗ ಒಂದು ಸಲವೂ ಜಾರಿಲ್ಲ, ನಂಗೆ ಹೊಳೆದೇ ಇಲ್ಲ. ಲಿಫ್ಟ್ ಕೈಬಿಟ್ಟೆ, ಬಂಪರೂ ಬೇಡ. ಆದ್ರೆ ಸಿಕ್ಕಾಕೊಂಡ್ರೆ ಒಬ್ನೇ ಹೊರಗೆ ಬರೋಕೆ ಏನಾದ್ರೂ ಬೇಕಲ್ಲ, ಟ್ರ್ಯಾಕ್ಟರ್‌ನವ್ರನ್ನ ಮತ್ತೆ ಕರೆಯೋಕೆ ಧೈರ್ಯ ಇಲ್ಲ. ಸ್ನಾರ್ಕೆಲ್?

ಸ್ಪ್ಯಾನರ್_ಕುಶಾಲನಗರ

ಸ್ನಾರ್ಕೆಲ್ ಇಂಜಿನ್ನಿಗೆ ನೀರು ಹೋಗದ ಹಾಗೆ ನೋಡ್ಕೊಳುತ್ತೆ ಅಷ್ಟೇ, ನಿಮ್ ಮೋರಿ ನೀರಿಗೆ ಬೇಡ. ಆಕ್ಸಲ್ ಮುಳುಗೋ ನೀರಲ್ಲಿ ಹೋದ್ರೆ ಡಿಫರೆನ್ಷಿಯಲ್ ಎಣ್ಣೆ ನೋಡಿ, ಮಜ್ಜಿಗೆ ಥರ ಆಗಿದ್ರೆ ನೀರು ಹೊಕ್ಕಿದೆ, ಬದಲಾಯಿಸಿ. ಬ್ರೀದರ್ ಪೈಪನ್ನ (ಆಕ್ಸಲ್ ಗಾಳಿಯಾಡೋ ಪೈಪು) ಮೇಲಕ್ಕೆ ಎಳೆಸಿದ್ರೆ ಆ ತಲೆನೋವೂ ಕಮ್ಮಿ, ಅರ್ಧ ದಿನದ ಕೆಲಸ.

ರಿಕವರಿಗೆ ಸದ್ಯ ಕೈ ವಿಂಚ್ ಇಟ್ಕೊಳ್ಳಿ, ಜೊತೆಗೆ ಅಗಲ ಪಟ್ಟಿ ಬೆಲ್ಟು, ಎರಡು ಒಳ್ಳೆ ಶ್ಯಾಕಲ್ (ಬೆಲ್ಟ್ ಸಿಕ್ಕಿಸೋ ಕಬ್ಬಿಣದ ಕೊಂಡಿ). ಮುಂದೆ ಎಲೆಕ್ಟ್ರಿಕ್ ಹಾಕೋದಾದ್ರೆ ಫುಲ್ ಲೋಡ್ ತೂಕದ ಒಂದೂವರೆ ಪಟ್ಟು ಎಳೆಯೋದು ಬೇಕು, ಅದು ಮೂತಿ ಮೇಲೆ ತೂಗುತ್ತೆ ಅನ್ನೋದೂ ನೆನಪಿರ್ಲಿ. ಎಳೆಯೋವಾಗ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕಿ, ಆಳುಗಳನ್ನ ದೂರ ನಿಲ್ಲಿಸಿ. ಟ್ರೈಲರ್ ಸಿಕ್ಕಿಸೋ ಟೋ ಬಾಲ್‌ಗೆ ಬೆಲ್ಟ್ ಸಿಕ್ಕಿಸಿ ಜಗ್ಗೋದು ಬೇಡವೇ ಬೇಡ, ಕಿತ್ಕೊಂಡು ಬಂದ್ರೆ ಗುಂಡು ಹೊಡೆದ ಹಾಗೆ.

ಕೆಸರಲ್ಲಿ ಟೈರ್ ಗಾಳಿ 20 ಪಿಎಸ್ಐವರೆಗೆ ಇಳಿಸಿ ನೋಡಿ, ಅರ್ಧ ಸಮಸ್ಯೆ ಅಲ್ಲೇ ಹೋಗುತ್ತೆ. ಟಾರಿಗೆ ಬಂದ ತಕ್ಷಣ ತುಂಬ್ಸಿ, ಅದಕ್ಕೆ 12 ವೋಲ್ಟಿನ ಪಂಪ್ ಗಾಡೀಲೇ ಇರ್ಲಿ. 4ಎಚ್ (ನಾಲ್ಕೂ ಗಾಲಿಗೆ ಮಾಮೂಲಿ ಗೇರು) ಕೂಡ ಒಣ ಟಾರಲ್ಲಿ ತೆಗೆದುಬಿಡಿ, ಪಾರ್ಟ್ ಟೈಮ್ ಸಿಸ್ಟಮ್ಮು ಅದು, ಜಾರೋ ಕಡೆ ಮಾತ್ರ.

ಬಾಣೆಮನೆ_ಅಜ್ಜ

ವಿಂಚ್ ಕಟ್ಟೋ ಮರ ನೋಡಿ ಕಟ್ಟು ಮಾರಾಯ. ಹಾಲುವಾಣಕ್ಕೆ ಕಟ್ಟಿದ್ರೆ ಮರನೇ ನಿನ್ನ ಹತ್ರ ಬರುತ್ತೆ. ಸಿಲ್ವರ್ ಓಕ್ ನಂಬ್ಬೇಡ, ಅದ್ರ ಮೇಲೆ ಮೆಣಸಿನ ಬಳ್ಳಿ ಇದ್ರಂತೂ ಗಾಡಿಗಿಂತ ಬಳ್ಳಿ ಲುಕ್ಸಾನು ಜಾಸ್ತಿ. ದಪ್ಪ ಹಲಸು, ನಂದಿ ಸಿಕ್ಕಿದ್ರೆ ಬುಡದಲ್ಲಿ ಕಟ್ಟು.

ಕಣದ_ಹುಡುಗ

ಎರಡನೇ ತಿರುವಿನ ಮೇಲೆ ಒಂದು ಹಲಸು ಇದೆ ಅಜ್ಜ, ಅದ್ರ ಮೇಲೂ ಬಳ್ಳಿ ಹಬ್ಬಿಸಿದಾರೆ ಅಮ್ಮ 😅 ಕೇಳಿ ನೋಡ್ತೀನಿ. ಟೈರು ಈ ವಾರ ಬುಕ್ ಮಾಡ್ತೀನಿ, 265/70, ಎಂ.ಟಿ.ನೇ.