ಬದುವೋ ಬೇಲಿಯೋ? ಡಿಲಿಮಿಟರ್, ಗ್ರೀಡಿ, ಲೇಜಿ ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಹಳಗನ್ನಡದ ಒಂದು ಪದಪಟ್ಟಿಯಿಂದ ಆವರಣದೊಳಗಿನ ಗುರುತುಗಳನ್ನಷ್ಟೇ ಹೆಕ್ಕಿ ತೆಗೆಯುತ್ತಿದ್ದೇವೆ. ಜೊತೆಗಿರುವವರು ಕನ್ನಡ ಎಂ.ಎ. ಓದಿದವರು, ಪ್ರೋಗ್ರಾಮಿಂಗ್ ಹೊಸದು. ಅವರಿಗಾಗಿ ರೆಗೆಕ್ಸ್ (ಪಠ್ಯದಲ್ಲಿ ಬೇಕಾದ ಮಾದರಿಯನ್ನು ಹುಡುಕಲು ಬರೆಯುವ ಸಂಕೇತಸಾಲು) ಬಗ್ಗೆ ನಾಲ್ಕು ಪುಟ ಬರೆಯಲು ಕೂತೆ. ಮೂರು ಪದಗಳಿಗೆ ಕನ್ನಡದಲ್ಲಿ ಏನನ್ನಬೇಕೋ ತಿಳಿಯದೆ ಕೈ ನಿಂತಿದೆ.

ಮೊದಲನೆಯದು ಡಿಲಿಮಿಟರ್, ಅಂದರೆ ಪಠ್ಯದ ತುಂಡು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ತೋರಿಸುವ ಗುರುತು. 'ಪರಿಮಿತಿಕಾರಕ' ಅಂತ ಬರೆದು ನಾನೇ ಹೊಡೆದು ಹಾಕಿದೆ. ಈ ಒಂದೇ ಪದದಲ್ಲಿ ಎರಡು ಸಂಗತಿ ಅಡಗಿವೆ, ಅಲ್ವಾ? 'ರಾಗಿ,ಜೋಳ,ನವಣೆ' ಎನ್ನುವಲ್ಲಿ ಅಲ್ಪವಿರಾಮ ಹೊಲದ ಬದುವಿನ ಹಾಗೆ. ಬದು ಒಂದೇ, ಆ ಕಡೆಗೂ ಈ ಕಡೆಗೂ ಸೇರಿದ್ದು. ಆವರಣ ಹಾಗಲ್ಲ. ಅದು ಒಂದೇ ತುಂಡನ್ನು ಸುತ್ತುವ ಬೇಲಿ. ಬದು ಇದ್ದಲ್ಲಿ ರೆಗೆಕ್ಸ್ ಜಾಸ್ತಿ ಬೇಕಾಗುವುದಿಲ್ಲ, ಸುಮ್ನೆ ಸ್ಪ್ಲಿಟ್ ಮಾಡಿದರಾಯಿತು, ಅಂದರೆ ಬದು ಇದ್ದಲ್ಲೆಲ್ಲ ಕತ್ತರಿಸಿದರಾಯಿತು. ತಲೆನೋವೆಲ್ಲ ಬೇಲಿಯದ್ದು. ಎರಡಕ್ಕೂ ಒಂದೇ ಪದ ಯಾಕೆ ಬೇಕು ಎಂಬುದು ನನ್ನ ಪ್ರಶ್ನೆ.

ಇನ್ನು ಗ್ರೀಡಿ, ಲೇಜಿ. ರೆಗೆಕ್ಸ್ ಆದಷ್ಟು ಹೆಚ್ಚು ಪಠ್ಯ ಹಿಡಿದರೆ ಗ್ರೀಡಿ, ಆದಷ್ಟು ಕಡಿಮೆ ಹಿಡಿದರೆ ಲೇಜಿ. ಪಟ್ಟಿಯ ಒಂದು ಸಾಲು ಹೀಗಿದೆ ('ಕ್ರಿ' ಅಂದರೆ ಕ್ರಿಯಾಪದ, 'ನಾ' ಅಂದರೆ ನಾಮಪದ):

ಅಲರ್ (ಕ್ರಿ) ಅರಳು (ನಾ) ಹೂವು

ಇದಕ್ಕೆ ನಾನು ಮೊದಲು ಬರೆದದ್ದು:

\((.+)\)

ಓರೆಗೆರೆ ಹಚ್ಚಿದ ಆವರಣ ನಿಜವಾದ ಬೇಲಿ. ಒಳಗಿನ ಆವರಣದ ಜೋಡಿ, ಸಿಕ್ಕಿದ್ದನ್ನು ತುಂಬಿಕೊಳ್ಳುವ ಚೀಲ. 'ಕ್ರಿ' ಬರಬೇಕಿತ್ತು, ಬಂದದ್ದು 'ಕ್ರಿ) ಅರಳು (ನಾ'! ಚುಕ್ಕಿ ಅಂದರೆ ಯಾವುದೇ ಒಂದು ಚಿಹ್ನೆ, ಪ್ಲಸ್ ಅಂದರೆ ಅದು ಒಂದು ಅಥವಾ ಹೆಚ್ಚು ಸಲ. ಈ ಚುಕ್ಕಿ-ಪ್ಲಸ್ ಜೋಡಿ ಮೊದಲು ಸಾಲಿನ ಕೊನೆಯವರೆಗೂ ನುಂಗುತ್ತದೆ. ಆಮೇಲೆ ಮುಚ್ಚುವ ಬೇಲಿ ಸಿಗುವವರೆಗೆ ಒಂದೊಂದೇ ಕಕ್ಕುತ್ತಾ ಹಿಂದೆ ಬರುತ್ತದೆ. 'ಹೂವು' ನಮಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಸ್ವರಚಿಹ್ನೆಯೂ ಬೇರೆಯೇ ಚಿಹ್ನೆಯಾದ್ದರಿಂದ ಈ ಜೋಡಿ ಮಾತ್ರ ಕೊಂಬು, ವ, ಕೊಂಬಿನಿಳಿ, ಹ ಎಂದು ನಾಲ್ಕು ಸಲ ಕಕ್ಕುತ್ತದೆ. ಅದಕ್ಕೇ ಗ್ರೀಡಿಗೆ 'ದುರಾಸೆ' ನನಗೆ ಒಪ್ಪಿಗೆಯಿಲ್ಲ. ದುರಾಸೆಯವನು ತೆಗೆದುಕೊಂಡದ್ದನ್ನು ವಾಪಸ್ ಕೊಡುತ್ತಾನಾ? 'ಹೊಟ್ಟೆಬಾಕ' ಸರಿ ಅನ್ನಿಸುತ್ತದೆ.

ಒಂದು ಪ್ರಶ್ನೆಚಿಹ್ನೆ ಸೇರಿಸಿದರೆ ಲೇಜಿ:

\((.+?)\)

ಈಗ 'ಕ್ರಿ' ಬೇರೆ, 'ನಾ' ಬೇರೆ ಸಿಗುತ್ತವೆ. ಆದರೆ ಇದನ್ನು 'ಸೋಮಾರಿ' ಅನ್ನಲು ಮನಸ್ಸು ಬರುತ್ತಿಲ್ಲ. ಪಾಪ, ಪ್ರತಿ ತುತ್ತಿಗೂ ತಲೆಯೆತ್ತಿ 'ಬೇಲಿ ಬಂತಾ?' ಅಂತ ನೋಡುತ್ತದೆ. ಬರದಿದ್ದರೆ ಮಾತ್ರ ಇನ್ನೊಂದು ತುತ್ತು. ಇದೆಂಥ ಸೋಮಾರಿತನ? 'ಅಲ್ಪತೃಪ್ತ' ಅಂದರೆ ಬೈದ ಹಾಗೆ ಕೇಳಿಸುತ್ತದೆ. 'ಮಿತಾಹಾರಿ' ಹೊಟ್ಟೆಬಾಕನಿಗೆ ಒಳ್ಳೆ ಜೋಡಿ, ಆದರೆ ಆಯುರ್ವೇದದ ವಾಸನೆ ಹೊಡೆಯುತ್ತದೆ.

(ಕೆಲಸಕ್ಕೆ ನಾನು ಕೊನೆಗೆ ಇಟ್ಟುಕೊಂಡದ್ದು \(([^)]+)\) ಎಂಬುದನ್ನು. ಮುಚ್ಚುವ ಬೇಲಿಯೊಂದನ್ನು ಬಿಟ್ಟು ಏನು ಬೇಕಾದರೂ ತಿನ್ನು ಅಂತ. ಇಲ್ಲಿ ಹೊಟ್ಟೆಬಾಕನೂ ಬೇಲಿ ಹಾರುವುದಿಲ್ಲ.)

ಸದ್ಯಕ್ಕೆ ಟಿಪ್ಪಣಿಯಲ್ಲಿ ಹೊಟ್ಟೆಬಾಕ, ಬೇಲಿ ಉಳಿದಿವೆ. ಬದು ಅನ್ನಲೋ, ಒಡ್ಡು ಅನ್ನಲೋ? ಲೇಜಿಯ ಜಾಗ ಇನ್ನೂ ಖಾಲಿ ಇದೆ. ಊಟದ ಪಂಕ್ತಿಯಲ್ಲಿ ಎಲೆ ನೋಡಿಕೊಂಡು, ಸಾಕಷ್ಟೇ ಬಡಿಸಿಕೊಳ್ಳುವವರಿಗೆ ನಿಮ್ಮ ಕಡೆ ಏನಾದರೂ ಮಾತಿದ್ದರೆ ತಿಳಿಸಿ.