ಪದಚರ್ಚೆ: ಡಿಮೆನ್ಷಿಯಾ ಇರುವವರ ‘ವೆಲ್‌ಬೀಯಿಂಗ್’ – ಯೋಗಕ್ಷೇಮವೇ, ಸ್ವಾಸ್ಥ್ಯವೇ, ನೆಮ್ಮದಿಯೇ?

ಪ್ರಶ್ನೆ:

ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುವ ಕಾಯಿಲೆ) ಇರುವವರು ಹೇಗಿದ್ದಾರೆ ಎಂದು ಅಳೆಯುವ ಎರಡು ಬಗೆಯ ಪಟ್ಟಿಗಳನ್ನು ಕನ್ನಡಕ್ಕೆ ತರಬೇಕಾಗಿದೆ. ಒಂದು, ಅವರನ್ನೂ ಅವರ ಮನೆಯವರನ್ನೂ ಕೇಳಿ ತುಂಬುವ ಕ್ಯೂಒಎಲ್-ಎಡಿ (ಆಲ್ಝೈಮರ್ಸ್ ಕಾಯಿಲೆಯಲ್ಲಿ ಬದುಕಿನ ಗುಣಮಟ್ಟದ ಪಟ್ಟಿ). ಇನ್ನೊಂದು, ಪಕ್ಕದಲ್ಲಿ ಕೂತು ನೋಡಿ ಅಂಕ ಹಾಕುವ ಡಿಮೆನ್ಷಿಯಾ ಕೇರ್ ಮ್ಯಾಪಿಂಗ್. ‘ವೆಲ್‌ಬೀಯಿಂಗ್’ಗೆ ಒಂದು ಕರಡಿನಲ್ಲಿ ‘ಯೋಗಕ್ಷೇಮ’ ಎಂದಿದೆ, ಇನ್ನೊಂದರಲ್ಲಿ ‘ಮಾನಸಿಕ ಸ್ವಾಸ್ಥ್ಯ’. ಅದರ ವಿರುದ್ಧ ಪದಕ್ಕೆ ‘ಅಸ್ವಸ್ಥತೆ’. ಯಾವುದು ಸರಿ? ಕ್ಯೂಒಎಲ್-ಎಡಿಯಲ್ಲಿ ಉತ್ತರದ ನಾಲ್ಕು ಹಂತಗಳಿಗೂ (ಪೂರ್, ಫೇರ್, ಗುಡ್, ಎಕ್ಸಲೆಂಟ್) ಪದ ಬೇಕು. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ:

ಮೊದಲು ‘ಅಸ್ವಸ್ಥತೆ’ಯನ್ನು ತೆಗೆದುಹಾಕಿ. ಅದರ ಅರ್ಥ ಕಾಯಿಲೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಸಂಶೋಧಕರಾದ ಟಾಮ್ ಕಿಟ್‌ವುಡ್ ಮತ್ತು ಕ್ಯಾಥ್ಲೀನ್ ಬ್ರೆಡಿನ್ ‘ವೆಲ್‌ಬೀಯಿಂಗ್’, ‘ಇಲ್‌ಬೀಯಿಂಗ್’ ಎಂಬ ಈ ಜೋಡಿಪದಗಳನ್ನು ಡಿಮೆನ್ಷಿಯಾ ಆರೈಕೆಗೆ ತಂದದ್ದೇ ಕಾಯಿಲೆ ಬೇರೆ, ಮನುಷ್ಯ ಹೇಗಿದ್ದಾನೆ ಎಂಬುದು ಬೇರೆ ಎಂದು ತೋರಿಸಲು. ನೆನಪು ಪೂರ್ತಿ ಹೋದವರೂ ಚೆನ್ನಾಗಿರಬಲ್ಲರು. ‘ಅಸ್ವಸ್ಥತೆ’ ಎಂದೊಡನೆ ಆ ಗೆರೆ ಅಳಿಸಿಹೋಗುತ್ತದೆ. ‘ಮಾನಸಿಕ ಸ್ವಾಸ್ಥ್ಯ’ದ ತೊಂದರೆಯೂ ಅದೇ ಜಾತಿಯದು. ‘ಮಾನಸಿಕ ಅಸ್ವಸ್ಥ’ ಎಂಬುದು ಕನ್ನಡದಲ್ಲಿ ಹುಚ್ಚಿಗೆ ಹೇಳುವ ಮಾತು. ಮನೆಯವರ ಮುಂದೆ ಈ ಪ್ರಶ್ನೆ ಇಟ್ಟರೆ ಅವರಿಗೆ ನೋವಾಗುತ್ತದೆ, ಉತ್ತರವೂ ಕೆಡುತ್ತದೆ.

‘ಯೋಗಕ್ಷೇಮ’ ಕಿವಿಗೆ ಹಿತವಾಗಿದೆ, ಆದರೆ ಬಳಕೆ ನೋಡಿ: ‘ಯೋಗಕ್ಷೇಮ ನೋಡಿಕೊಳ್ಳುವುದು’, ‘ಯೋಗಕ್ಷೇಮ ವಿಚಾರಿಸುವುದು’. ಅದು ಇನ್ನೊಬ್ಬರ ಹೊಣೆಯನ್ನು ಹೇಳುವ ಪದ. ‘ನಿಮ್ಮ ತಾಯಿಯ ಯೋಗಕ್ಷೇಮ ಹೇಗಿದೆ?’ ಎಂದರೆ ಮಗಳು ತಾನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂಬುದಕ್ಕೆ ಅಂಕ ಕೊಟ್ಟುಕೊಳ್ಳುತ್ತಾಳೆ. ಮನೆಯವರು ಕೊಡುವ ಅಂಕ ರೋಗಿ ತಾನೇ ಕೊಟ್ಟುಕೊಳ್ಳುವ ಅಂಕಕ್ಕಿಂತ ಕಡಿಮೆ ಇರುವುದು, ಆರೈಕೆ ಮಾಡುವವರ ದಣಿವು, ಖಿನ್ನತೆ ಹೆಚ್ಚಿದಷ್ಟೂ ಅದು ಇನ್ನೂ ಇಳಿಯುವುದು ಮೊದಲೇ ಗೊತ್ತಿರುವ ತೊಡಕು. ಅದರ ಮೇಲೆ ಪದವೂ ದಾರಿ ತಪ್ಪಿಸಬಾರದು.

ಬರೀ ‘ಕ್ಷೇಮ’? ಪಟ್ಟಿಯ ತಲೆಬರಹಕ್ಕೆ ಸರಿ, ಪ್ರಶ್ನೆಯೊಳಗೆ ಬೇಡ. ‘ಕ್ಷೇಮವಾಗಿದ್ದೀರಾ?’ ಎಂದರೆ ‘ಹೂಂ, ಕ್ಷೇಮ’ ಎಂಬ ಉತ್ತರ ತಾನಾಗಿಯೇ ಬರುತ್ತದೆ. ಡಿಮೆನ್ಷಿಯಾದಲ್ಲಿ ಬಹುಕಾಲ ಉಳಿಯುವುದೇ ಇಂಥ ರೂಢಿಯ ಉಪಚಾರದ ಮಾತು. ಹಾಗಾಗಿ ಆ ‘ಹೂಂ’ ಏನನ್ನೂ ಅಳೆಯುವುದಿಲ್ಲ. ಧಾರವಾಡದ ಕಡೆ ‘ಆರಾಮ ಇದ್ದೀರೇನ್ರಿ?’ ಎಂದರೂ ಇದೇ ಪಾಡು.

‘ನೆಮ್ಮದಿ’ಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನವರು ಅದನ್ನೇ ಆರಿಸುತ್ತಾರೆ. ಒಬ್ಬರು ತಾವಾಗಿ ತಮ್ಮ ಬಗ್ಗೆ ಹೇಳಿಕೊಳ್ಳಲು ಅದು ಒಳ್ಳೆಯ ಪದ. ನೋಡಿ ಅಂಕ ಹಾಕುವವರಿಗೆ ಅದು ಅಪಾಯ. ಮ್ಯಾಪಿಂಗ್‌ನಲ್ಲಿ ಐದೈದು ನಿಮಿಷಕ್ಕೆ ಒಮ್ಮೆ ಆ ವ್ಯಕ್ತಿ ಏನು ಮಾಡುತ್ತಿದ್ದಾರೆ ಎಂಬುದರ ಗುರುತಿನ ಜೊತೆ ಒಂದು ಅಂಕ ಬರೆಯುತ್ತಾರೆ: +5, +3, +1, –1, –3, –5. ಆ ಅಂಕದಲ್ಲಿ ಮನಸ್ಸಿನ ಭಾವವೂ ಸೇರಿದೆ, ಸುತ್ತಲಿನದರಲ್ಲಿ ಎಷ್ಟು ತೊಡಗಿದ್ದಾರೆ ಎಂಬುದೂ ಸೇರಿದೆ. ನಿದ್ದೆ ಬರಿಸುವ ಮಾತ್ರೆಯ ಮಂಪರಿನಲ್ಲಿ ಗೋಡೆ ನೋಡುತ್ತ ಕೂತ ಅಜ್ಜಿಯನ್ನು ‘ನೆಮ್ಮದಿಯಾಗಿದ್ದಾರೆ’ ಎಂದು ಬರೆದುಬಿಡುವುದು ಸುಲಭ. ಇನ್ನೊಬ್ಬರು ತಟ್ಟೆ ದೂಡಿ ‘ನನಗೆ ಬೇಡ’ ಎಂದು ಗದರಿದರೆ ನೆಮ್ಮದಿ ಇಲ್ಲ ಎನ್ನುತ್ತೇವೆ. ಆದರೆ ತನ್ನ ಇಷ್ಟವನ್ನು ಒತ್ತಿ ಹೇಳುವುದು, ಸಿಟ್ಟನ್ನೂ ಸಂತೋಷವನ್ನೂ ಹೊರಗೆ ತೋರಿಸುವುದು ಕಿಟ್‌ವುಡ್, ಬ್ರೆಡಿನ್ ಪಟ್ಟಿಮಾಡಿದ ಒಳ್ಳೆಯ ಲಕ್ಷಣಗಳಲ್ಲೇ ಸೇರಿವೆ.

ನೋಡುವವರ ಪಟ್ಟಿಗೆ ನನ್ನ ಸಲಹೆ ‘ಗೆಲುವಾಗಿ’, ಅದರ ಎದುರಿಗೆ ‘ಮಂಕಾಗಿ’. ‘ಇವತ್ತು ಅಜ್ಜ ಗೆಲುವಾಗಿದ್ದಾರೆ’ ಎಂದರೆ ಮುಖದ ಕಳೆಯೂ ಬಂತು, ಓಡಾಟ, ಮಾತುಕತೆಯೂ ಬಂತು. ‘ಗೆಲುವು’ ಎಂದು ನಾಮಪದ ಮಾಡಬೇಡಿ, ಜಯ ಎಂದು ಓದಿಕೊಳ್ಳುತ್ತಾರೆ. ‘ಮಂಕಾಗಿ’ ಎಂಬುದು ತೊಡಗದೆ ಕೂತ ಸ್ಥಿತಿಗೆ ಮಾತ್ರ ಸಾಕು. ಅಳು, ಗಾಬರಿ, ಚಡಪಡಿಕೆಗೆ ‘ಸಂಕಟ’ ಎಂದು ಬೇರೆ ಹಾಕಿ. ‘ಬೇಜಾರು’ ಖಂಡಿತ ಬೇಡ: ಹೊತ್ತು ಹೋಗದಿರುವುದು, ದುಃಖ, ಅಸಮಾಧಾನ ಮೂರಕ್ಕೂ ಅದೇ ಪದ. ಆದರೆ ಮೂರಕ್ಕೂ ಮಾಡಬೇಕಾದ ಉಪಾಯ ಒಂದೇ ಅಲ್ಲ.

ಇನ್ನು ಕ್ಯೂಒಎಲ್-ಎಡಿಯ ಹಂತಗಳು. ಅದರಲ್ಲಿ 13 ಅಂಶ, ಪ್ರತಿಯೊಂದಕ್ಕೂ 1ರಿಂದ 4 ಅಂಕ, ಒಟ್ಟು 13ರಿಂದ 52. ‘ಚೆನ್ನಾಗಿಲ್ಲ, ಪರವಾಗಿಲ್ಲ, ಚೆನ್ನಾಗಿದೆ, ತುಂಬಾ ಚೆನ್ನಾಗಿದೆ’ ಎಂದಿಟ್ಟರೆ ಕಿವಿ ಮಂದವಾದವರಿಗೆ ಮೊದಲ ಎರಡೂ ‘ಇಲ್ಲ’ ಎಂದೇ ಕೇಳಿಸುತ್ತವೆ, ಮೊದಲನೆಯದಕ್ಕೂ ಮೂರನೆಯದಕ್ಕೂ ಕೊನೆಯಲ್ಲಷ್ಟೇ ವ್ಯತ್ಯಾಸ. ಸಾಲದ್ದಕ್ಕೆ ‘ಪರವಾಗಿಲ್ಲ’ ಎಂದರೆ ‘ಬಿಡಿ, ಚಿಂತೆಯಿಲ್ಲ’ ಎಂದೂ ಆಗುತ್ತದೆ. ‘ಸರಿಯಿಲ್ಲ, ಸುಮಾರು, ಚೆನ್ನಾಗಿದೆ, ತುಂಬಾ ಚೆನ್ನಾಗಿದೆ’ ವಾಸಿ. ದಪ್ಪಕ್ಷರದ ಚೀಟಿ ಕೈಗೆ ಕೊಟ್ಟು, ಪ್ರತಿ ಪ್ರಶ್ನೆಗೂ ನಾಲ್ಕನ್ನೂ ಮತ್ತೆ ಓದಿ ಹೇಳಿ.

ಮನೆಗೆಲಸ ಮಾಡುವ ಶಕ್ತಿಯ ಪ್ರಶ್ನೆಯನ್ನೂ ಬೇರೆಯಾಗಿ ಪರೀಕ್ಷಿಸಿ. ಹುಟ್ಟಿನಿಂದ ಅಡುಗೆಮನೆ ಹೊಗದ ಗಂಡಸರು ‘ಅದು ನನ್ನ ಕೆಲಸವಲ್ಲ’ ಎನ್ನುತ್ತಾರೆ, ಅಂಕ ಖಾಲಿ ಉಳಿಯುತ್ತದೆ. ಅನುವಾದ ಮುಗಿದ ಮೇಲೆ ಹಿಂದಕ್ಕೆ ಇಂಗ್ಲಿಷಿಗೆ ಮಾಡಿಸಿದರಷ್ಟೇ ಸಾಲದು. ‘ಯೋಗಕ್ಷೇಮ’ ಆ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಕೆಲವರಿಗೆ ಓದಿ ಹೇಳಿ, ‘ಈ ಪ್ರಶ್ನೆ ಏನು ಕೇಳುತ್ತಿದೆ, ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳಿ.

‘ಗೆಲುವಾಗಿ’ ಎಂಬುದು ಹಳೆಮೈಸೂರು, ಮಲೆನಾಡಿನಲ್ಲಿ ಸಲೀಸು. ಬೀದರ್, ಕಲಬುರಗಿ ಕಡೆ ಇದಕ್ಕೆ ಏನೆನ್ನುತ್ತಾರೆ, ಆ ಭಾಗದವರು ದಯವಿಟ್ಟು ಬರೆಯಿರಿ.